ಹುಳು ಒಲ್ಲದ ಸೊಪ್ಪು

ಚಿಕ್ಕಬಸಮ್ಮನ ಹುಳುಮನೆಗೆ ಕಾಲಿಡಬೇಕಾದರೆ ಸ್ನಾನವಾಗಿರಬೇಕು, ಬಾಗಿಲಲ್ಲಿ ಮತ್ತೊಮ್ಮೆ ಕೈಕಾಲು ತೊಳೆಯಬೇಕು. ತಲೆಗೆ ಎಣ್ಣೆ ಹಚ್ಚಿರಬಾರದು, ಹೂವು ಮುಡಿದಿರಬಾರದು. ಗಂಡ ಪುಟ್ಟಸಿದ್ದಯ್ಯ ಮೂವತ್ತು ವರ್ಷದಿಂದ ಬಾಯಿಗೆ ಹೊಗೆಸೊಪ್ಪು ಹಾಕುವ ಮನುಷ್ಯ. ರೇಷ್ಮೆ ಹುಳು ಮೇಯಿಸುವ ಅಷ್ಟೂ ದಿನ ಅವನು ಆ ಹೊಸ್ತಿಲು ದಾಟುವಂತಿರಲಿಲ್ಲ. ಮಾಂಬಳ್ಳಿಯಲ್ಲಿ ಯಾರ ಹುಳು ಕೆಟ್ಟರೂ ಅವಳದು ಕೆಡುತ್ತಿರಲಿಲ್ಲ. ಊರು ಅದನ್ನು ಅವಳ ಕೈಗುಣ ಎನ್ನುತ್ತಿತ್ತು.

ಹನೂರು ಕಡೆಯಿಂದ ಸೊಸೆಯಾಗಿ ಬಂದ ಪುಷ್ಪಳಿಗೆ ಎಂಬತ್ತೇಳರ ಆ ಬೆಳೆಯೇ ಮೊದಲನೆಯದು. ತವರಿನಲ್ಲಿ ರಾಗಿ ಕಂಡವಳು, ಹುಳು ಕಂಡವಳಲ್ಲ. ಇರುವೆಗಿಂತ ಸಣ್ಣಗಿದ್ದದ್ದು ಮೂರು ವಾರದಲ್ಲಿ ಬೆರಳಷ್ಟು ಉದ್ದವಾಗುವುದನ್ನು ನೋಡಿ ಅವಳಿಗೆ ಮೊದಮೊದಲು ಹೆದರಿಕೆಯೇ ಆಗಿತ್ತು. ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ, ಅಂದರೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತು, ಹಳೆಯ ಚರ್ಮ ಕಳಚುತ್ತವೆ. ಆಮೇಲೆ ಏಳುವ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು.

ನಾಲ್ಕನೇ ಜ್ವರದಿಂದ ಹುಳು ಎದ್ದ ಹೊತ್ತಿಗೇ ಪುಷ್ಪ ಹೊರಗಾದಳು. ಮೂರು ದಿನ ಜಗುಲಿಯ ಚಾಪೆಯ ಮೇಲೆ ಕೂತಳು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು, ಗೋಣಿಯ ಕೆಳಗೆ ತಂಪಾಗಿಟ್ಟಿದ್ದ ಸೊಪ್ಪನ್ನು ಹುಳುವಿನ ತಟ್ಟೆ ತಟ್ಟೆಗೂ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ, ಮಳೆ ಹನಿದಂತೆ ಕೇಳುವ ಹುಳು ಮೇಯುವ ಸದ್ದು ನಿಂತು ಹುಳುಮನೆ ಸದ್ದಿಲ್ಲದಂತಾಯಿತು. ಸೊಪ್ಪು ಹಾಕಿದಂತೆಯೇ ಬಿದ್ದಿತ್ತು. ಹುಳುಗಳು ಎದೆ ಎತ್ತಿ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಾರಿ ಸತ್ತಂತೆ ಬಿದ್ದಿದ್ದವು.

ಚಿಕ್ಕಬಸಮ್ಮ ತಟ್ಟೆಯ ಮುಂದೆ ಬಗ್ಗಿ ನೋಡಿದಳು. ಆಮೇಲೆ ಹಿಂದೆ ತಿರುಗದೆ ಕೇಳಿದಳು:

"ನೀನು ಎಷ್ಟ್ ದಿನ ಕೂತಿದ್ದವ್ವ?"

"ಮೂರು ದಿನ ಅತ್ತೆ. ನೀವೇ ಬಾ ಅಂದ್ರಿ."

"ಅಂದೆ. ನಂದೇ ತಪ್ಪು. ಐದಾಗ್ಬೇಕಿತ್ತು. ನಿನ್ ಕೈ ಉಳಕ್ಕೆ ಆಗಕಿಲ್ಲ."

ಆ ಮಾತು ಮೆಲ್ಲಗೇ ಬಂದಿತ್ತು. ಆದರೆ ಒಬ್ಬಳ ಕೈ ಹುಳುವಿಗೆ ಆಗದು ಎಂದರೆ ಅವಳನ್ನು ಈ ಮನೆಯಲ್ಲಷ್ಟೇ ಅಲ್ಲ, ಬೀದಿಯ ಯಾವ ಹುಳುಮನೆಗೂ ಕರೆಯುವುದಿಲ್ಲ. ಸಾಯುವತನಕ ಆ ಹೆಸರು ಹೋಗುವುದಿಲ್ಲ. ಪುಷ್ಪ ಗಂಡ ಮಹದೇವುವಿನ ಮುಖ ನೋಡಿದಳು. ಅವನು ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ.

"ಮಾದೇವು, ನಾಳೆ ಮೊದ್ಲನೇ ಬಸ್ಸಿಗೆ ಇವಳ ಊರಿಗೆ ಬುಟ್ಬುಟ್ ಬಾ," ಅಂದಳು ತಾಯಿ. "ಗೂಡು ಬುಡಿಸೋಗಂಟ ಅಲ್ಲೇ ಇರ್ಲಿ. ಏ ಕೂಸೆ, ಈ ಸತ್ತವನ್ನಾದ್ರೂ ತಿಪ್ಪೆಗ್ ಹಾಕ್ಬುಟ್ ಬಾ ಓಗು."

ಮೊರದ ತುಂಬ ಹುಳು ಹೊತ್ತು ಪುಷ್ಪ ಹೊಲದ ಕಡೆ ನಡೆದಳು. ತಿಪ್ಪೆಗೆ ಸುರಿಯಲು ಬಗ್ಗಿದಾಗ ಒಂದು ಹುಳು ಕಾಲು ಆಡಿಸಿತು. ಪಕ್ಕದ್ದೂ ಆಡಿಸಿತು. ಸುರಿಯಲು ಮನಸ್ಸಾಗದೆ ಮೊರವನ್ನು ಹುಣಸೆಮರದ ನೆರಳಿನಲ್ಲಿಟ್ಟು, ತಾನೂ ಕೂತಳು. ಹೊಲದ ಮೇಲಿಂದ ಗಾಳಿ ಬೀಸುತ್ತಿತ್ತು. ಏನೂ ತೋಚದೆ, ಬದುವಿನ ಹಿಪ್ಪುನೇರಳೆ ಗಿಡದಿಂದ ನಾಲ್ಕು ಎಲೆ ಕಿತ್ತು ಮೊರಕ್ಕೆ ಹಾಕಿದಳು.

ಹೊತ್ತು ವಾಲುವಷ್ಟರಲ್ಲಿ ಎಲೆಯ ಅಂಚಿನಲ್ಲಿ ಬಾಚಿಯಿಂದ ಕೆತ್ತಿದಂತೆ ಅರ್ಧಚಂದ್ರದ ಗುರುತುಗಳು ಮೂಡಿದ್ದವು.

ಪುಷ್ಪ ತನ್ನ ಅಂಗೈ ನೋಡಿಕೊಂಡಳು. ಕಿತ್ತದ್ದೂ ಇದೇ ಕೈ, ಹಾಕಿದ್ದೂ ಇದೇ ಕೈ. ಸೊಪ್ಪೂ ಇದೇ ಹೊಲದ್ದು. ಹಾಗಾದರೆ ಈ ಗಿಡಕ್ಕೂ ಆ ತಟ್ಟೆಗೂ ನಡುವೆ ಇರುವುದೇನು? ಬೆಳಗಿನಿಂದ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಬುಟ್ಟಿ ಹಳೆಯದೇ. ಕುಡಗೋಲೂ ಹಳೆಯದೇ. ಸೊಪ್ಪಿನ ಮೇಲೆ ಹೊದಿಸಿದ್ದ ಒದ್ದೆ ಗೋಣಿ ಮಾತ್ರ ಅವಳು ಜಗುಲಿಗೆ ಹೋಗುವ ಮುಂಚೆ ಕಂಡದ್ದಲ್ಲ.

ಮನೆಗೆ ಬಂದು ಮೊರವನ್ನು ಜಗುಲಿಯ ಮೇಲಿಟ್ಟಳು. ಒಂದು ಬದಿಗೆ ಗೋಣಿಯ ಕೆಳಗಿನ ಸೊಪ್ಪು, ಇನ್ನೊಂದು ಬದಿಗೆ ಗಿಡದಿಂದ ತಂದ ಸೊಪ್ಪು ಇಟ್ಟು ಅತ್ತೆಯನ್ನು ಕರೆದಳು. ಕಂಬಕ್ಕೆ ಒರಗಿ ಕೂತಿದ್ದ ಪುಟ್ಟಸಿದ್ದಯ್ಯನೂ ಎದ್ದು ಹತ್ತಿರ ಬಂದ.

ಹುಳುಗಳು ಗೋಣಿಯ ಸೊಪ್ಪಿನ ಹತ್ತಿರ ತಲೆ ಚಾಚಿದವು, ಮುಟ್ಟದೆಯೇ ಹಿಂದಕ್ಕೆ ಎಳೆದುಕೊಂಡವು. ನಿಧಾನವಾಗಿ, ಒಂದರ ಬೆನ್ನ ಮೇಲೊಂದು ಹತ್ತಿಕೊಂಡು, ಈಚೆ ಬದಿಗೆ ಬಂದು ಮೇಯತೊಡಗಿದವು.

"ಎರಡನ್ನೂ ನಾನೇ ಇಟ್ಟಿದ್ದು ಅತ್ತೆ," ಅಂದಳು ಪುಷ್ಪ.

ಚಿಕ್ಕಬಸಮ್ಮ ಗೋಣಿ ತಂದು ಮೂಗಿಗೆ ಹಿಡಿದಳು. "ಒದ್ದೆ ವಾಸ್ನೆ, ಅಷ್ಟೆಯ. ಕಾಲುವೆಲಿ ಮೂರ್ ನೀರಲ್ಲಿ ಒಗ್ದಿವ್ನಿ. ಸೀಗೆಪುಡಿ ಹಾಕಿ ಉಜ್ಜಿ ಬಿಸ್ಲಿಗ್ ಹಾಕಿವ್ನಿ."

"ಎಲ್ಲಿಂದ ತಂದೆ ಇದ?" ಅಂದ ಪುಟ್ಟಸಿದ್ದಯ್ಯ.

"ನಮ್ಮಣ್ಣನ ಮನೆಯಿಂದ. ಹಳೇದು ಅರ್ದೋಗಿತ್ತು ಅಂತವ ಮೊನ್ನೆ ತಂದೆ. ನೆನ್ನೆ ರಾತ್ರಿನೇ ಮೊದ್ಲು ಹೊದ್ಸಿದ್ದು."

"ನಿಮ್ಮಣ್ಣ ಸಿದ್ದಮಲ್ಲಪ್ಪ ಹನೂರು ಸಂತೆಲಿ ಮಾರೋದು ಏನಮ್ಮಿ?"

ಚಿಕ್ಕಬಸಮ್ಮ ಗೋಣಿಯನ್ನು ಮೂಗಿನಿಂದ ಇಳಿಸಿದಳು.

"ನಾನ್ ಹಾಕೋ ಹೊಗೆಸೊಪ್ಪೇ ಅಲ್ವ?" ಅವನು ಗೋಣಿಯನ್ನು ತಾನೂ ಮೂಸಿ ನೋಡಿದ. "ನಂಗೂ ಏನೂ ಗೊತ್ತಾಯ್ತಿಲ್ಲ ಕನ. ನನ್ ಮೂಗು ಸತ್ತು ಎಷ್ಟ್ ಕಾಲಾಯ್ತೊ. ಮೂವತ್ ವರ್ಸ ನನ್ನ ಆಚ್ಗೆ ನಿಲ್ಸಿ, ಒಂದ್ ಚೀಲವ ಒಳಿಕ್ ಬುಟ್ಕಂಡಲ್ಲ."

ಅವನ ಮಾತಿನಲ್ಲಿ ನಗು ಇತ್ತು. ಚಿಕ್ಕಬಸಮ್ಮ ಮೊರದ ಕಡೆಯೇ ನೋಡುತ್ತಿದ್ದಳು. ಮೂರು ನೀರು, ಸೀಗೆಪುಡಿ, ಬಿಸಿಲು, ಇಷ್ಟೆಲ್ಲ ದಾಟಿ ಉಳಿದದ್ದನ್ನು ಬೆರಳುದ್ದದ ಹುಳು ಹೇಗೆ ಕಂಡುಹಿಡಿಯಿತು? ಅದಕ್ಕೆ ಮೂಗು ಎಲ್ಲಿದೆ ಎಂಬುದು ಕೂಡ ಇಷ್ಟು ವರ್ಷ ಮೇಯಿಸಿದ ಅವಳಿಗೆ ಗೊತ್ತಿರಲಿಲ್ಲ.

"ಸೊಪ್ಪ ಪೂರ್ತಿ ತಗದಾಕು. ಕಿಟ್ಕಿ ತಗಿ," ಅಂದಳು ಸೊಸೆಗೆ. "ಬಿರ್ನೆ ಓಗು."

ಗೋಣಿಯನ್ನು ತಾನೇ ಹೊತ್ತುಕೊಂಡು ಹೋಗಿ ಊರಾಚೆಯ ಹಳ್ಳಕ್ಕೆ ಎಸೆದು ಬಂದಳು. ಅಷ್ಟರಲ್ಲಿ ಮಹದೇವು ಹೊಸ ಸೊಪ್ಪು ಕೊಯ್ದು ತಂದಿದ್ದ. ಪುಷ್ಪ ಹಳೆಯದನ್ನೆಲ್ಲ ತೆಗೆದು ಹಾಕಿದ್ದಳು. ಎರಡು ತಟ್ಟೆ ಹುಳು ಉಳಿಯಲಿಲ್ಲ. ಉಳಿದವು ಬೆಳಗಿನ ಜಾವಕ್ಕೆ ಮತ್ತೆ ಮೇಯತೊಡಗಿದವು. ಒಂದರ್ಧ ಗಂಟೆಯಲ್ಲಿ ಆ ಸದ್ದು ಮನೆ ತುಂಬಿತು. ಯಳಂದೂರಿನ ಕಡೆಯಿಂದ ಬಂದ ಮೊದಲನೇ ಬಸ್ಸು ಊರ ಮುಂದೆ ನಿಂತು ಹೋದದ್ದು ಕೇಳಿಸಿತು. ಯಾರೂ ಅದರ ಮಾತೆತ್ತಲಿಲ್ಲ.

ಬಿಸಿಲೇರುವ ಮುಂಚೆ ಚಿಕ್ಕಬಸಮ್ಮ ಸ್ನಾನ ಮಾಡಿ, ಬೂದಿಯಲ್ಲಿ ಕೈ ಉಜ್ಜಿಕೊಂಡು ಹುಳುಮನೆಯ ಬಾಗಿಲಿಗೆ ಬಂದಳು. ಹೊಸ್ತಿಲಿನ ಈಚೆಯೇ ನಿಂತಳು.

"ನೆನ್ನೆ ಆ ಗೋಣಿಯ ಹೊತ್ತಿದ್ದೆ. ಒಳಿಕ್ ಬರ್ಲಾ, ಬ್ಯಾಡ್ವ?"

ಪುಷ್ಪ ಏನು ಹೇಳಬೇಕೋ ತಿಳಿಯದೆ ಒಂದು ಹುಳುವನ್ನು ಎಲೆಯ ಸಮೇತ ಎತ್ತಿ ಬಾಗಿಲಿಗೆ ತಂದಳು. "ಇದನ್ನೇ ಕೇಳಿ ಅತ್ತೆ."

ಚಿಕ್ಕಬಸಮ್ಮ ಹೊಸ ಎಲೆಯೊಂದನ್ನು ಬೆರಳಲ್ಲಿ ತೀಡಿ ಹುಳುವಿನ ಮುಂದೆ ಹಿಡಿದಳು. ಹುಳು ತಲೆ ಚಾಚಿತು. ತಡೆಯಿತು. ಆ ಕಡೆ ಈ ಕಡೆ ಆಡಿಸಿ, ತಿರುಗಿಕೊಂಡು ಪುಷ್ಪ ತಂದ ಎಲೆಗೇ ಹೋಯಿತು.

"ಇನ್ನೆಷ್ಟ್ ದಿನಾವ್ವ?"

"ಇದ ಯಾರೂ ಎಣಿಸಿಲ್ವಲ್ಲ ಅತ್ತೆ. ನಾಳೆ ಬಂದು ನೋಡಿ."

"ಹೂಂ," ಎಂದು ಚಿಕ್ಕಬಸಮ್ಮ ಜಗುಲಿಗೆ ಹೋಗಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ ಬಿಡಿಸಿಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದಳು: "ಬಾಗ್ಲತ್ರದ ತಟ್ಟೆಗೆ ಸೊಪ್ಪು ಕಮ್ಮಿ ಆಗದ ನೋಡು."

"ಹಾಕ್ತಾ ಇವ್ನಿ ಅತ್ತೆ," ಅಂದಳು ಪುಷ್ಪ ಒಳಗಿನಿಂದ.