ಇಲಿಭಾವನ ವಿಸಿಟಿಂಗ್ ಕಾರ್ಡು

ಇಲಿಭಾವನ ನಾದಿನಿ ಒಂದು ಇಲಿ ಬಿಡಿಸಿದಳು. ಕಾಗದದ ಮೇಲಿನ ಆ ಇಲಿಯನ್ನು ಕಂಡು ಅಂಗಡಿ ಬೀದಿಯ ಅಸಲಿ ಇಲಿಗಳೆಲ್ಲ ನಾಚಿ, ಸಂಸಾರ ಸಮೇತ ಊರು ಬಿಟ್ಟವು. ಅದು ಅಚ್ಚಾದ ದಿನ ಪ್ರೆಸ್ಸಿನ ಮುಂದೆ ಊರಿನ ಬೆಕ್ಕುಗಳೆಲ್ಲ ಸಾಲುಗಟ್ಟಿ ನಿಂತವು; ಸಾಲಿನ ತುದಿ ಸೇತುವೆ ದಾಟಿ ಹೋಗಿತ್ತು. ನಂಬದವರು ಬೆಕ್ಕುಗಳನ್ನೇ ಕೇಳಿಕೊಳ್ಳಬಹುದು.

ಇಲಿಭಾವ ಎಂದರೆ ನಾದಿನಿಯ ಅಕ್ಕನ ಗಂಡ. ಮನೆ, ಗೋದಾಮುಗಳಲ್ಲಿ ಸೇರಿಕೊಂಡ ಇಲಿ, ಜಿರಳೆ, ಗೆದ್ದಲನ್ನು ಓಡಿಸುವ ಕಂಪನಿ ಅವರದು. ಕಂಪನಿ ಎಂದರೆ ಒಂದು ವ್ಯಾನು, ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಔಷಧಿ ಡಬ್ಬ, ಮತ್ತು ಸ್ವತಃ ಭಾವ. ಅವರ ಮೀಸೆಯನ್ನೂ ಲೆಕ್ಕಕ್ಕೆ ಹಿಡಿದರೆ ಇಬ್ಬರು ನೌಕರರು ಎನ್ನಬಹುದು. ಅಷ್ಟು ದೊಡ್ಡ ಮೀಸೆ.

ನಾದಿನಿ ಆಗಷ್ಟೇ ಬ್ಯಾನರ್ ಅಂಗಡಿಯ ಕೆಲಸಕ್ಕೆ ಎಳ್ಳುನೀರು ಬಿಟ್ಟು ಬಂದಿದ್ದಳು. "ನಾನೇ ಸ್ವಂತ ಶುರು ಮಾಡ್ತೀನಿ" ಎಂದು ಅವಳು ಎದ್ದಾಗ ಯಜಮಾನ ನಕ್ಕಿದ್ದ. "ನಿನ್ನ ಕುರ್ಚಿ ಹಾಗೇ ಇಟ್ಟಿರ್ತೀನಮ್ಮ. ಧೂಳು ಕೂರೋ ಮೊದಲೇ ವಾಪಸ್ ಬರ್ತೀಯ." ಆ ಕುರ್ಚಿ ಅವಳ ಕನಸಿಗೆ ಬಂದು ನಾಲ್ಕೂ ಕಾಲು ಕುಣಿಸಿ ನಗುತ್ತಿತ್ತು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ ಮೇಜು ಹಾಕಿದಳು. ವಿಸಿಟಿಂಗ್ ಕಾರ್ಡು ಬೇಕೆಂದು ಬಂದ ಮೊದಲ ಗಿರಾಕಿ ಭಾವ. ಎರಡನೆಯವರ ಸುಳಿವೇ ಇಲ್ಲ. ಭಾವ ಸೋಮವಾರ ದೊಡ್ಡ ಬೇಕರಿಯ ಯಜಮಾನಿಯನ್ನು ನೋಡಲು ಹೋಗುವವರಿದ್ದರು. ಆ ಬೇಕರಿಯ ಅಂಗಡಿಗಳಲ್ಲಿ ಇಲಿ ಓಡಿಸುವ ಕೆಲಸ ಸಿಕ್ಕರೆ ಭಾವನ ಕಂಪನಿ ಉಳಿಯುತ್ತದೆ. ಕಾರ್ಡು ಕೈ ಹಿಡಿದರೆ ನಾದಿನಿಗೂ ಹೆಸರು. ಕೈ ಕೊಟ್ಟರೆ ಅದೇ ಕುರ್ಚಿ.

"ಲೋಗೋದಲ್ಲಿ ಇಲಿ ಬೇಕು, ಜಿರಳೆ ಬೇಕು, ಗೆದ್ದಲು, ತಿಗಣೆ ಎಲ್ಲಾ ಬೇಕು. ಪಕ್ಕದಲ್ಲಿ ನಮ್ಮ ವ್ಯಾನೂ ನಿಂತಿರ್ಲಿ" ಎಂದರು ಭಾವ.

"ಇದು ಕಾರ್ಡು ಭಾವ, ಸಂತೆ ಅಲ್ಲ. ಯಾರಾದ್ರೂ ಒಬ್ಬರನ್ನ ಕರೀರಿ."

"ಹಾಗಾದ್ರೆ ಇಲಿ. ಅನ್ನ ಕೊಟ್ಟ ಧಣಿ ಅದು."

ಅವಳು ಬಿಡಿಸಿದ ಮೊದಲ ಇಲಿಯನ್ನು ಭಾವ ಬೆಳಕಿಗೆ ಹಿಡಿದು ನೋಡಿದರು. "ಇದೇನಮ್ಮ, ಆಲೂಗಡ್ಡೆಗೆ ಬಾಲ ಬಂದಿದೆ!" ಇನ್ನೊಂದಕ್ಕೆ, "ಇದು ಊಟ ಮುಗಿಸಿ ಮಲಗೋಕೆ ಹೊರಟಿದೆ. ಇಲಿಗೆಲ್ಲಿ ಇಷ್ಟು ನೆಮ್ಮದಿ?" ಮತ್ತೊಂದಕ್ಕೆ ಅವರಿಗೆ ತಡೆಯಲಾಗಲಿಲ್ಲ. "ಇಲಿ ಹೀಗೆ ಕೂರಲ್ಲ ಕಣೇ. ತಾಳು" ಎಂದವರೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಎರಡೂ ಕೈ ಎದೆಗೆ ತಂದರು, ಒಂದು ಹುಬ್ಬು ಮೇಲೇರಿಸಿದರು, ಮೂಗೆತ್ತಿ ಗಾಳಿ ಮೂಸಿದರು. ಮೀಸೆ ಪಟಪಟ ಅದುರಿತು.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತಳು. "ರೀ! ಈಗ ತಾನೇ ನೆಲ ಒರೆಸಿದ್ದೀನಿ, ಏನ್ರೀ ಇದು?"

"ಸುಮ್ನಿರೇ. ನಾನೀಗ ಇಲಿ."

"ಅದು ಮದುವೆಯಾದ ವಾರಕ್ಕೇ ಗೊತ್ತಾಗಿತ್ತು. ಇವತ್ತೇನು ಹೊಸದು?"

ನಾದಿನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವಳ ಪೆನ್ಸಿಲ್ಲಿನಿಂದ ಹೊಗೆ ಏಳುತ್ತಿತ್ತು. ಕಿವಿ ಬಂತು, ಮೂಗು ಬಂತು, ಕೊನೆಗೆ ಬಾಲ. ಬೆನ್ನಿನಿಂದ ಇಳಿದು, ಒಂದು ಸುತ್ತು ಸುತ್ತಿ, ಫೋನ್ ನಂಬರಿನ ಕೆಳಗೆ ಅಡಿಗೆರೆಯಾಗಿ ಹರಿದ ಬಾಲ, ಒಂದೇ ಎಳೆತಕ್ಕೆ! ಆ ಗೆರೆಯ ಸುದ್ದಿ ಕೇಳಿಯೇ ದೇಶದ ಘಟಾನುಘಟಿ ಕಲಾವಿದರು ಕುಂಚಗಳನ್ನು ಒಲೆಗೆ ಹಾಕಿದರು.

"ಇದಪ್ಪಾ ಇಲಿ ಅಂದ್ರೆ!" ಎಂದು ಭಾವ ಮಂಡಿ ಒರೆಸಿಕೊಂಡರು. "ಈ ಮುಖ ಎಲ್ಲೋ ನೋಡಿದ್ದೀನಿ. ಯಾವ ಗೋದಾಮು ಅಂತ ನೆನಪಾಗ್ತಿಲ್ಲ."

ಸೋಮವಾರ ಬೆಳಿಗ್ಗೆ ಕಾರ್ಡು ಅಚ್ಚಾಗಿ ಬಂತು. ಅಕ್ಕ ಒಂದನ್ನು ಎತ್ತಿಕೊಂಡಳು. ಅಂಗಳದಲ್ಲಿ ವ್ಯಾನು ಒರೆಸುತ್ತಿದ್ದ ಗಂಡನನ್ನು ನೋಡಿದಳು. ಮತ್ತೆ ಕಾರ್ಡು ನೋಡಿ ಬಾಯಿ ಮುಚ್ಚಿಕೊಂಡಳು.

"ಏನೇ ಇದು, ನಮ್ಮೋರನ್ನೇ ಅಚ್ಚು ಹಾಕ್ಸಿದ್ದೀಯಲ್ಲೇ!"

ನಾದಿನಿ ಆಗ ನೋಡಿದಳು. ಅದೇ ಮೀಸೆ, ಅದೇ ಎತ್ತಿದ ಹುಬ್ಬು, ತುದಿ ಮಡಚಿದ ಅದೇ ಎಡಗಿವಿ. ಇಲಿಯ ಮೈಗೆ ಭಾವನ ಮುಖ! ಅಷ್ಟರಲ್ಲಿ ಭಾವ ಕಾರ್ಡುಗಳ ಡಬ್ಬಿ ಎತ್ತಿಕೊಂಡು ವ್ಯಾನು ಹತ್ತಿದ್ದರು. ಓಡಿ ಹೋಗಿ ಪಕ್ಕದಲ್ಲಿ ಕೂತಳು.

"ಭಾವ, ಇವತ್ತು ಕಾರ್ಡು ಬೇಡ. ಬಣ್ಣ ಸ್ವಲ್ಪ ಮಾಸಿದೆ."

"ಬಣ್ಣ ಕಟ್ಕೊಂಡು ಏನು? ಇಲಿ ನೋಡು, ರಾಜನ ಹಾಗಿದೆ!"

ಬೇಕರಿಯ ಯಜಮಾನಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ಕಾರ್ಡು ನೋಡಿದ್ದೇ ಅವರ ಮುಖ ಗಂಟಾಯಿತು. "ಏನ್ರೀ, ಬೇಕರಿಗೆ ಇಲಿ ಚಿತ್ರ ತರ್ತೀರಾ? ಗಿರಾಕಿಗಳ ಕಣ್ಣಿಗೆ ಬಿದ್ರೆ ನನ್ನ ಗತಿ ಏನು?" ಎಂದು ಕಾರ್ಡನ್ನು ಕಸದ ಬುಟ್ಟಿಯ ಮೇಲೆ ಹಿಡಿದರು.

ನಾದಿನಿಯ ಕಣ್ಣ ಮುಂದೆ ಆ ಕುರ್ಚಿ ಬಂದು ನಿಂತಿತು.

ಗಾಬರಿಯಾದ ಭಾವ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡರು. ಒಂದು ಹುಬ್ಬು ಮೇಲೇರಿತು. ಬ್ರೆಡ್ಡಿನ ಘಮಕ್ಕೋ ಏನೋ ಮೂಗು ಮೇಲೆದ್ದಿತು, ಮೀಸೆ ಅದುರಿತು. ಯಜಮಾನಿ ಒಮ್ಮೆ ಕಾರ್ಡು ನೋಡಿದರು, ಒಮ್ಮೆ ಭಾವನನ್ನು ನೋಡಿದರು. ಆಮೇಲೆ ನಕ್ಕ ನಗುವಿಗೆ ಕೈಯಲ್ಲಿದ್ದ ಹಿಟ್ಟೆಲ್ಲ ಹಾರಿ, ಬೀದಿಗೇ ಮಂಜು ಮುಸುಕಿತು. ಒಲೆಯ ಹತ್ತಿರ ಇದ್ದವರೆಲ್ಲ ಓಡಿ ಬಂದರು.

"ಇಲಿ ಎಲ್ಲಿ ಬಂತು, ಇದು ನೀವೇ ಅಲ್ವಾ! ನಿಮ್ಮ ಫೋಟೋ ಗೋಡೆಗೆ ಅಂಟಿಸೋಕೆ ನನಗೇನು ಹೆದರಿಕೆ? ನಾಳೆಯಿಂದ ನಮ್ಮ ಅಂಗಡಿಗಳಿಗೆಲ್ಲ ನೀವೇ ಬನ್ನಿ" ಎಂದು ಕಾರ್ಡನ್ನು ಫೋನಿನ ಪಕ್ಕ ಅಂಟಿಸಿಯೇಬಿಟ್ಟರು. ಆಮೇಲೆ ನಾದಿನಿಯ ಕಡೆ ತಿರುಗಿ, "ನೀನೇನಾ ಬಿಡಿಸಿದ್ದು? ನಮ್ಮ ಕೇಕ್ ಡಬ್ಬಕ್ಕೂ ಒಂದು ಚಿತ್ರ ಬೇಕಿತ್ತು. ನನ್ನ ಮುಖ ಮಾತ್ರ ಹಾಕ್ಬೇಡಮ್ಮ!"

ವ್ಯಾನು ವಾಪಸ್ ಹೊರಟಿತು. ಕೆಂಪು ದೀಪ ಬಿದ್ದಾಗ ಭಾವ ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಪಕ್ಕದಲ್ಲಿ ಕಾರ್ಡು ಹಿಡಿದರು. ಹಸಿರು ಬಂತು, ಹಿಂದಿನವರು ಹಾರನ್ ಹೊಡೆದರು.

"ಮೀಸೆ ತೆಳುವಾಯ್ತು" ಎಂದರು ಭಾವ. "ಮುಂದಿನ ಸಲ ದಪ್ಪ ಮಾಡು."

ಅಲ್ಲಿಂದ ನಾದಿನಿಯ ಕೀರ್ತಿ ಏಳು ಸಮುದ್ರ ದಾಟಿತು. ಬ್ಯಾನರ್ ಅಂಗಡಿಯ ಯಜಮಾನ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು, ಅವಳ ಕಾಲ ಬಳಿ ಇಟ್ಟು, ಗಳಗಳನೆ...

"ನಿಲ್ಸು, ನಿಲ್ಸು! ಯಾವ ಕುರ್ಚಿ? ಯಾವಾಗ ತಂದ?"

ಈ ಕಥೆ ಬರೆಯುತ್ತಿದ್ದಂತೆ ಬೆನ್ನ ಹಿಂದೆ ನಿಂತು ಭಾವ ಎಲ್ಲ ಓದಿಬಿಟ್ಟಿದ್ದಾರೆ. ಅಕ್ಕನೂ ಇದ್ದಾಳೆ. "ನಾದಿನಿ, ನಾದಿನಿ ಅಂತ ತನ್ನ ಬೆನ್ನು ತಾನೇ ತಟ್ಕೊಂಡಿದ್ದಾಳೆ ನೋಡ್ರಿ!"

"ಅದಿರ್ಲಿ" ಎಂದರು ಭಾವ. "ಬಾಲ ಯಾರು ಬರೆದಿದ್ದು? ಹೇಳು ನೋಡೋಣ."

ಸರಿ, ಸಿಕ್ಕಿಬಿದ್ದೆ. ಆ ನಾದಿನಿ ನಾನೇ. ಇಲಿಗಳು ಊರು ಬಿಟ್ಟಿಲ್ಲ. ಬಿಟ್ಟರೆ ಭಾವ ಏನು ಮಾಡಬೇಕು? ಬೆಕ್ಕು ಬಂದದ್ದು ಒಂದೇ, ಅದೂ ಪ್ರೆಸ್ಸಿನವರದೇ. ಬಿಸಿ ಕಾಗದದ ಕಟ್ಟಿನ ಮೇಲೆ ನಿದ್ದೆ ಹೊಡೆಯಲು ಬಂದಿತ್ತು. ಕುರ್ಚಿ ಅಲ್ಲೇ ಇದೆ, ಈಗ ಇನ್ಯಾರೋ ಕೂರುತ್ತಾರೆ. ಇನ್ನು ಬಾಲ: ಬರೆದು, ಅಳಿಸಿ, ಬರೆದು, ಅಳಿಸಿ ನಾನು ಕಾಗದವನ್ನೇ ತೂತು ಮಾಡಿದ್ದೆ. ಭಾವ ನೆಲದಿಂದ ಎದ್ದು, ಹೊಸ ಹಾಳೆಗೆ ನನ್ನ ಇಲಿಯನ್ನು ಇಳಿಸಲು ಹೇಳಿ, ಪೆನ್ಸಿಲ್ ಕಸಿದುಕೊಂಡು, "ಬಾಲ ಇರೋದು ಹೀಗಮ್ಮ" ಎಂದು ಒಂದೇ ಎಳೆತಕ್ಕೆ ಎಳೆದರು. ಕಾರ್ಡು ನೋಡಿದವರು ನಗು ಮುಗಿಸಿ ಮೆಚ್ಚುವ ಗೆರೆ ಅದೊಂದೇ.

ಮೀಸೆ ಮಾತ್ರ ನನ್ನದು.