ಚಾವಡಿಯೊಳಗೊಂದು ಕಟ್ಟೆ

ನಳಿನಾಕ್ಷಿಯ ಹೊಸ ಮನೆಯನ್ನು ಕಾಪುವಿನವರೆಲ್ಲ ಬಂದು ನೋಡಿ ಹೋದರು. ಕೂತು ಹೋದವರು ಮಾತ್ರ ಯಾರೂ ಇಲ್ಲ.

ಕೂರುವುದಾದರೂ ಹೇಗೆ? ಚಾವಡಿಯ ನಟ್ಟನಡುವೆ ಕೊಕ್ಕರೆಯಷ್ಟು ಬಿಳಿಯ ಸೋಫಾ. ಕಾಲಿಟ್ಟರೆ ಕಾಲಿನ ಅಚ್ಚು ಮೂಡುವಂಥ ನೆಲ. ಗೋಡೆಗೆ ಬಣ್ಣ ಬಳಿದಿದ್ದಾರೋ ಇಲ್ಲವೋ ಎಂದು ಸಂಶಯ ಬರುವಂಥ ಬಣ್ಣ. ರಸ್ತೆಯ ಕಡೆಗೆ ಗೋಡೆಯೇ ಇಲ್ಲ, ದೊಡ್ಡದೊಂದು ಜಾರುವ ಗಾಜಿನ ಬಾಗಿಲು. ಮೀನು ಮಾರಿ ಮಾರಿ ಕಟ್ಟಿಸಿದ ಮನೆಗೆ ಒಳಗಿನ ಅಲಂಕಾರ ಮಾಡಿಸಿದವನು ಮಗ ಪ್ರತೀಕ. ಅವನಿಗೆ ಮಣಿಪಾಲದ ಬ್ಯಾಂಕಿನಲ್ಲಿ ಕೆಲಸ. ಅಲ್ಲಿಂದಲೇ ದೀಕ್ಷಿತಾ ಎಂಬ ಇಂಟೀರಿಯರ್ ಡಿಸೈನರ್ ಹುಡುಗಿಯನ್ನು ಕರೆತಂದಿದ್ದ.

ಹುಡುಗಿ ಒಳ್ಳೆಯವಳೇ. ಮೊದಲ ದಿನ ಲ್ಯಾಪ್‌ಟಾಪ್ ಬಿಚ್ಚಿ, ಮನೆ ಮುಂದೆ ಹೇಗಾಗಲಿದೆ ಎಂದು ಚಿತ್ರ ತೋರಿಸಿದ್ದಳು. ಚಿತ್ರದ ಸೋಫಾದ ಮೇಲೆ ಕಡ್ಡಿಯಂಥ ಇಬ್ಬರು ಹೆಂಗಸರು ಕಾಫಿ ಹಿಡಿದು ಕೂತಿದ್ದರು.

"ಇವರು ಯಾರು ಮಗಾ?" ಎಂದು ನಳಿನಾಕ್ಷಿ ಕೇಳಿದ್ದಳು.

"ಯಾರೂ ಅಲ್ಲ ಆಂಟಿ, ಸುಮ್ಮನೆ. ಕಂಪ್ಯೂಟರಿನಲ್ಲೇ ಸಿಗ್ತಾರೆ."

"ಹಾಗಾದರೆ ನಮ್ಮವರು ಎಲ್ಲಿ ಕೂರುವುದು?"

"ಚಾವಡಿಯಲ್ಲೇ ಆಂಟಿ, ಇಷ್ಟು ಜಾಗ ಉಂಟಲ್ಲ?" ಎಂದು ದೀಕ್ಷಿತಾ ನಕ್ಕಿದ್ದಳು. ನಳಿನಾಕ್ಷಿಯೂ ನಕ್ಕಿದ್ದಳು.

ನಮ್ಮವರು ಎಂದರೆ ಕುಶಲಾ ಮತ್ತು ಗ್ಲೋರಿಯಾ. ಮಾರ್ಕೆಟಿನಲ್ಲಿ ನಳಿನಾಕ್ಷಿಯ ಬಲಕ್ಕೆ ಕುಶಲಾಳ ಬುಟ್ಟಿ, ಎಡಕ್ಕೆ ಗ್ಲೋರಿಯಾಳ ಒಣಮೀನು. ವ್ಯಾಪಾರ ಮುಗಿದ ಮೇಲೆ ಮೂವರೂ ಹಳೆಯ ಮನೆಯ ಜಗಲಿಗೆ ಬಂದು, ಕಾಲು ತೊಳೆದು, ಎಲೆ ಅಡಿಕೆ ಹಾಕಿ, ಊರಿನವರ ಸುದ್ದಿಯನ್ನೆಲ್ಲ ಅಗಿದು ಮುಗಿಸಿದ ಮೇಲೆಯೇ ಬಸ್ಸು ಹಿಡಿಯುವುದು. ಆ ಮನೆ ಕೆಡವಿದಾಗ ಜಗಲಿಯೂ ಹೋಯಿತು.

ಹೊಸ ಮನೆಯೊಕ್ಕಲಿನ ದಿನ ಇಬ್ಬರೂ ಜರಿ ಸೀರೆಯಲ್ಲಿ ಬಂದು ಹೊಗಳಿ ಹೋದರು. ಮರುವಾರ ಮಾರ್ಕೆಟಿನಿಂದ ನೇರವಾಗಿ ಬಂದರು. ಅಂದು ಪ್ರತೀಕ ಮನೆಯಲ್ಲೇ ಇದ್ದ. "ಬನ್ನಿ ಅಕ್ಕ, ಒಂದು ನಿಮಿಷ" ಎಂದವನೇ ಓಡಿಹೋಗಿ ಸೋಫಾದ ಮೇಲೆ ಪೇಪರ್ ಹಾಸಿದ. "ಈಗ ಕೂತುಕೊಳ್ಳಿ."

ಗ್ಲೋರಿಯಾ ಪೇಪರನ್ನು ನೋಡಿದಳು. ಪ್ರತೀಕನನ್ನು ನೋಡಿದಳು. "ಬೇಡ ಮಗಾ, ಬಸ್ಸು ಉಂಟು" ಎಂದು ತಿರುಗಿದಳು. ಗೇಟಿನ ಹೊರಗೆ ಹೋದ ಮೇಲೆ ನಳಿನಾಕ್ಷಿಗೆ ಹೇಳಿದಳು: "ಇಷ್ಟು ವರ್ಷ ನಾನು ಒಣಮೀನನ್ನು ಪೇಪರಲ್ಲಿ ಕಟ್ಟಿದೆ ಮಾರಾಯ್ತಿ. ಇವತ್ತು ನಿನ್ನ ಮಗ ನನ್ನನ್ನೇ ಕಟ್ಟಲಿಕ್ಕೆ ಹೊರಟ!"

ಮೂವರೂ ನಕ್ಕರು. ಆದರೆ ಮರುದಿನದಿಂದ ಅವರಿಬ್ಬರೂ ಗೇಟು ದಾಟಲಿಲ್ಲ. ರಸ್ತೆಯಾಚೆಯ ಮೋರಿಕಟ್ಟೆಯ ಮೇಲೆ ಕೂತು ಎಲೆ ಹಾಕತೊಡಗಿದರು. ನಳಿನಾಕ್ಷಿಯೂ ಅಲ್ಲಿಗೇ ಹೋಗಿ ಕೂತಳು. ತನ್ನದೇ ಮನೆಯನ್ನು ಮೋರಿಯ ಮೇಲಿಂದ ನೋಡಿದಳು. ಗಾಜಿನೊಳಗೆ ಬಿಳಿ ಸೋಫಾ ಒಂದೇ ಕೂತಿತ್ತು.

ಹೀಗಿರುವಾಗ ಪ್ರತೀಕನಿಗೆ ಸಂಬಂಧ ಕೂಡಿಬಂತು. ಹುಡುಗಿ ಶ್ರೇಯಾ, ಅವನ ಬ್ಯಾಂಕಿನವಳೇ, ಅವನೇ ಮೆಚ್ಚಿದವಳು. ಅವಳ ತಂದೆ ಸರ್ವೋತ್ತಮರಿಗೆ ಕಾರ್ಕಳದಲ್ಲಿ ಬಟ್ಟೆ ಅಂಗಡಿ. ಆದಿತ್ಯವಾರ ಹುಡುಗನ ಮನೆ ನೋಡಲು ಬರುತ್ತಾರೆ ಎಂದಾಯಿತು.

"ಅಮ್ಮ, ಅವತ್ತು ಕುಶಲಕ್ಕ, ಗ್ಲೋರಿಯಕ್ಕ ಈ ಕಡೆ ಬರುವುದು ಬೇಡ ಅಂತ ಹೇಳು" ಎಂದ ಪ್ರತೀಕ, ಮೊಬೈಲಿನಿಂದ ಮುಖ ಎತ್ತದೆ.

"ಅವತ್ತು ಒಂದು ದಿನವಾ?"

"ಮತ್ತೆ ನೋಡುವ."

'ಮತ್ತೆ ನೋಡುವ' ಎಂದರೆ ಎಂತ ಎಂದು ಮೀನು ಮಾರುವವಳಿಗೆ ಹೇಳಿಕೊಡಬೇಕೇ? ಹಾಗೆಂದು ಹೋದ ಗಿರಾಕಿ ತಿರುಗಿ ಬಂದದ್ದುಂಟೇ? ಮರುದಿನ ಬೆಳಿಗ್ಗೆ ಮಗ ಮಣಿಪಾಲದ ಬಸ್ಸು ಹತ್ತಿದ್ದೇ ತಡ, ನಳಿನಾಕ್ಷಿ ಮೇಸ್ತ್ರಿ ಚಂದುವಿಗೆ ಫೋನ್ ಮಾಡಿದಳು. ಮಾರ್ಕೆಟಿನ ಮೀನುಕಟ್ಟೆಗಳನ್ನು ಕಟ್ಟಿದವನು ಅವನೇ.

"ಅದೇ ನಮೂನೆಯ ಕಟ್ಟೆ ಬೇಕು ಚಂದು. ಎದುರಿನ ನೆಲಕ್ಕೆ ಸ್ವಲ್ಪ ಇಳಿಜಾರು ಕೊಡು. ಕೊಡಪಾನ ನೀರು ಸುರಿದರೆ ಹೊರಗೆ ಹೋಗಬೇಕು."

"ಎಲ್ಲಿ, ಬಾವಿಯ ಹತ್ತಿರವಾ?"

"ಚಾವಡಿಯಲ್ಲಿ."

ಚಂದು ಟೈಲ್ಸನ್ನು ನೋಡಿ ತಲೆ ಕೆರೆದುಕೊಂಡ. "ಹೊಸ ನೆಲ ನಳಿನಕ್ಕ. ಇದನ್ನು ಒಡೆದರೆ ನಿಮ್ಮ ಮಗ ನನ್ನ ತಲೆ ಒಡೆಯುತ್ತಾನೆ. ಅವನಿಗೆ ಹೇಳಿದ್ದೀರಾ?"

"ಮನೆ ಯಾರದ್ದು?"

"ನಿಮ್ಮದು."

"ಮತ್ತೆ ಸುತ್ತಿಗೆ ಎತ್ತು."

ಮೊದಲ ಟೈಲ್ಸ್ ಒಡೆದ ಸದ್ದಿಗೆ ಅವಳ ಎದೆಯೂ ಒಮ್ಮೆ ಧಸಕ್ಕೆಂದಿತು. ಎರಡನೆಯದಕ್ಕೆ ಅಷ್ಟಾಗಲಿಲ್ಲ. ಮೂರನೆಯದನ್ನು ತಾನೇ ಒಡೆದಳು.

ಸಂಜೆ ಬಂದ ಪ್ರತೀಕ ಬಾಗಿಲಲ್ಲೇ ನಿಂತುಬಿಟ್ಟ. ಸೋಫಾ ಮೂಲೆಗೆ ಸರಿದಿತ್ತು. ಗೋಡೆಯ ಉದ್ದಕ್ಕೂ, ಕಾಲು ಮಡಚಿ ಕೂರುವಷ್ಟು ಅಗಲದ ಹಸಿ ಸಿಮೆಂಟಿನ ಕಟ್ಟೆ.

"ಅಮ್ಮಾ! ಎಂತ ಇದು?"

"ಕಟ್ಟೆ. ಕೆಂಪು ಬಳಿಯಲಿಕ್ಕೆ ಬಾಕಿ ಉಂಟು."

"ಲಿವಿಂಗ್ ರೂಮಲ್ಲಿ ನೀರು ಹೋಗುವ ತೂತು! ಇದೆಂತ ಮೀನು ಮಾರ್ಕೆಟಾ?"

"ಮಾರ್ಕೆಟಿನಿಂದಲೇ ಎದ್ದ ಮನೆ ಅಲ್ವಾ ಮಾರಾಯ?"

ಅವನು ದೀಕ್ಷಿತಾಳನ್ನು ಕರೆಸಿದ. ಅವಳು ಕಟ್ಟೆಯನ್ನು ಸುತ್ತುಮುತ್ತ ನೋಡಿ, "ಇದರ ಮೇಲೆ ಸಾಲಾಗಿ ಗಿಡದ ಕುಂಡ ಇಟ್ಟುಬಿಡುವ ಆಂಟಿ. ಯಾರಿಗೂ ಗೊತ್ತಾಗುವುದಿಲ್ಲ. ನೋಡಲಿಕ್ಕೂ ಚೆಂದ" ಎಂದಳು.

"ನೀನು ಇಡು ಮಗಾ. ನೀನು ಗೇಟು ದಾಟುವುದರೊಳಗೆ ಕುಂಡಗಳು ಅಂಗಳದಲ್ಲಿರುತ್ತವೆ. ನಿನ್ನ ಕೆಲಸಕ್ಕೆ ನಾನು ಹೆಸರಿಡುವುದಿಲ್ಲ, ಚೆಂದವೇ ಉಂಟು. ಆದರೆ ಕೂರುವ ಜನ ರಸ್ತೆಯಲ್ಲಿದ್ದಾರೆ."

ಆದಿತ್ಯವಾರ ಊಟದ ಹೊತ್ತು ಕಳೆದ ಮೇಲೆ ಕಾರ್ಕಳದ ಕಾರು ಬಂತು. ಸರ್ವೋತ್ತಮರು ಮತ್ತು ಅವರ ಹೆಂಡತಿ ಸೋಫಾದಲ್ಲಿ ಕೂತರು. ಕೆಂಪು ಕಟ್ಟೆಯ ಕಡೆಗೆ ಇಬ್ಬರ ಕಣ್ಣೂ ಹೋಯಿತು, ಮರ್ಯಾದೆಯಿಂದ ವಾಪಸು ಬಂತು. ಶೀರಾ ಆಯಿತು, ಗೋಳಿಬಜೆ ಆಯಿತು. ಅಷ್ಟರಲ್ಲಿ ಗಾಜಿನಾಚೆ ಇಬ್ಬರು ಹೆಂಗಸರು, ಕಟ್ಟೆಯಾದ ಸುದ್ದಿ ಕೇಳಿ ಬುಟ್ಟಿ ಹೊತ್ತು ಬಂದವರು, ಕಾರು ಕಂಡದ್ದೇ ಮೋರಿಯ ಕಡೆಗೆ ತಿರುಗಿದರು. ಪ್ರತೀಕ ಉಸಿರು ಬಿಟ್ಟ.

ನಳಿನಾಕ್ಷಿ ಎದ್ದು ಬಾಗಿಲು ಸರಿಸಿದಳು. ಹರಾಜಿನ ಗಂಟಲಿನಲ್ಲಿ ಕೂಗಿದಳು: "ಏ ಕುಶಲಾ! ಗ್ಲೋರಿಯಾ! ಅಲ್ಲಿ ಎಂತ ಮಾಡುತ್ತೀರಿ? ಜಾಗ ಇಲ್ಲಿ ಉಂಟು!"

"ನೆಂಟರು ಬಂದಿದ್ದಾರಲ್ಲ ಮಾರಾಯ್ತಿ, ನಾಳೆ ಬರುತ್ತೇವೆ!"

"ನಾಳೆ ಅಲ್ಲ, ಈಗ!"

ಅವರು ಅಂಗಳದ ನಳ್ಳಿಯಲ್ಲಿ ಕೈಕಾಲು ತೊಳೆದು ಒಳಗೆ ಬಂದು ಕಟ್ಟೆಯ ತುದಿಯಲ್ಲಿ ಕೂತರು. ಕುಶಲಾಳ ಮೊಣಕೈಯಲ್ಲಿ ಮೀನಿನ ಪರೆಯೊಂದು ಮಿಂಚುತ್ತಿತ್ತು. ಸರ್ವೋತ್ತಮರ ಹೆಂಡತಿ ಸೆರಗನ್ನು ಮಡಿಲಿಗೆ ಎಳೆದುಕೊಂಡರು.

"ಇವರು...?" ಎಂದರು ಸರ್ವೋತ್ತಮರು.

"ಅಮ್ಮನ ಪರಿಚಯದವರು" ಎಂದ ಪ್ರತೀಕ, ಬೇಗಬೇಗ.

"ಪರಿಚಯದವರಲ್ಲ" ಎಂದಳು ನಳಿನಾಕ್ಷಿ. "ಇವನನ್ನು ಹೆತ್ತು ನಾನು ಬಾಣಂತಿಕೋಣೆಯಲ್ಲಿದ್ದಾಗ ಮಾರ್ಕೆಟಿನಲ್ಲಿ ನನ್ನ ಜಾಗ ಹೋಗದ ಹಾಗೆ ನೋಡಿಕೊಂಡವರು. ಇವರಿಲ್ಲದಿದ್ದರೆ ಈ ಮನೆಯೂ ಇಲ್ಲ, ನೀವು ಕೂತ ಸೋಫಾವೂ ಇಲ್ಲ."

"ನೀವು ಈಗಲೂ ಮಾರ್ಕೆಟಿಗೆ ಹೋಗುತ್ತೀರಾ?" ಸರ್ವೋತ್ತಮರ ಹೆಂಡತಿ ಮೆಲ್ಲಗೆ ಕೇಳಿದರು. "ಬಿಟ್ಟು ವರ್ಷವಾಯಿತು ಅಂತ ನಿಮ್ಮ ಮಗ ಹೇಳಿದ್ದರು."

ನಳಿನಾಕ್ಷಿ ಮಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅಲ್ಲೇ ಬೈಯುವಷ್ಟು ಸಿಟ್ಟು ಬಂತು, ನುಂಗಿಕೊಂಡಳು.

"ಬಿಡಲಿಲ್ಲ. ಇವತ್ತು ನಿಮ್ಮ ಲೆಕ್ಕದಲ್ಲಿ ರಜೆ. ನಾಳೆ ಹೋಗುತ್ತೇನೆ. ಇವನ ಮದುವೆಯ ಮರುದಿನವೂ ಹೋಗುತ್ತೇನೆ. ಬಂದು ಇವರೊಟ್ಟಿಗೆ ಇಲ್ಲೇ ಕೂರುತ್ತೇನೆ. ನಿಮ್ಮ ಮಗಳು ಬಂದರೆ ಗೋಡೆಗೆ ಬೇಕಾದ ಬಣ್ಣ ಬಳಿಯಲಿ, ಪರದೆ ಬದಲಿಸಲಿ, ನಾನು ಎಂತದ್ದೂ ಹೇಳುವವಳಲ್ಲ. ಕಟ್ಟೆಗೆ ಮಾತ್ರ ಯಾರೂ ಕೈ ಹಾಕುವ ಹಾಗಿಲ್ಲ. ಆಗುವುದಿಲ್ಲ ಅಂತಾದರೆ ಈಗಲೇ ಹೇಳಿ, ನನಗೆ ಬೇಸರ ಇಲ್ಲ."

ಸರ್ವೋತ್ತಮರು ಲೋಟದ ತಳದ ಚಹಾವನ್ನು ಬಹಳ ಹೊತ್ತು ಕುಡಿದರು. "ಮನೆಗೆ ಹೋಗಿ ಮಾತಾಡಿ ಫೋನ್ ಮಾಡುತ್ತೇವೆ" ಎಂದು ಕೈ ಮುಗಿದು ಎದ್ದರು. ಅವರ ಹೆಂಡತಿ ಚಪ್ಪಲಿ ಮೆಟ್ಟುತ್ತಾ ಇನ್ನೊಮ್ಮೆ ಕಟ್ಟೆಯನ್ನು ನೋಡಿದರು. ಆ ನೋಟ ಎಂಥದೆಂದು ನಳಿನಾಕ್ಷಿಗೆ ತಿಳಿಯಲಿಲ್ಲ.

ಕಾರು ತಿರುವು ದಾಟಿತು.

"ಫೋನ್ ಬರುವುದಿಲ್ಲ" ಎಂದ ಪ್ರತೀಕ.

"ನಾವು ಹೊರಡುತ್ತೇವೆ ನಳಿನಾ" ಎಂದು ಕುಶಲಾ ಎದ್ದಳು.

"ಕೂತುಕೋ" ಎಂದಳು ನಳಿನಾಕ್ಷಿ. ಮಗನ ಕಡೆ ತಿರುಗಿದಳು. "ಅವರು ಮಾಡದಿದ್ದರೆ ನೀನು ಮಾಡು. ಶ್ರೇಯಾಳಿಗೆ. ಅವಳ ಅಪ್ಪ ಅಮ್ಮನಿಗೆ ನಾನು ಹೇಳಿ ಆಯಿತು. ಅವಳಿಗೆ ನೀನೇ ಹೇಳಬೇಕು, ನಿನ್ನ ಅಮ್ಮ ಎಂತ ಮಾಡುತ್ತಾಳೆ ಅಂತ."

ಅವನು ಬಾಗಿಲು ಎಳೆದುಕೊಂಡು ಅಂಗಳಕ್ಕೆ ಹೋದ. ನಳಿನಾಕ್ಷಿ ಗೆಳತಿಯರ ನಡುವೆ ಕಾಲು ಮಡಚಿ ಕೂತಳು. ಮೂವರೂ ಉಳಿದ ಗೋಳಿಬಜೆ ತಿನ್ನುತ್ತಾ ನೋಡಿದರು. ಪ್ರತೀಕ ಫೋನ್ ಕಿವಿಗಿಟ್ಟು ಅತ್ತ ಇತ್ತ ನಡೆಯುತ್ತಿದ್ದ.

"ಜಗಳವಾ, ಎಂತದು?" ಗ್ಲೋರಿಯಾ ಕತ್ತು ಉದ್ದ ಮಾಡಿದಳು.

"ಈ ಗಾಜಿನಲ್ಲಿ ಎಂತ ಕೇಳುತ್ತದೆ?" ಎಂದಳು ಕುಶಲಾ.

ನಳಿನಾಕ್ಷಿ ಎದ್ದು ಹೋಗಿ ಬಾಗಿಲನ್ನು ಆ ತುದಿಯವರೆಗೂ ಸರಿಸಿದಳು. ಮಗನ ಸ್ವರ ಒಳಗೆ ಬಂತು. "ಹೌದು, ಮೀನು ಮಾರುವುದು. ಇಲ್ಲ ಶ್ರೇಯಾ, ಬಿಡಲಿಲ್ಲ. ಈಗಲೂ... ನಾನು ಸುಳ್ಳು ಹೇಳಿದ್ದು."

ಆ ಕಡೆಯವಳು ಎಂತ ಅಂದಳೋ. ನಳಿನಾಕ್ಷಿ ಕಿವಿಗೊಟ್ಟು ನಿಲ್ಲಲಿಲ್ಲ. ಬಾಗಿಲನ್ನು ಹಾಗೆಯೇ ತೆರೆದಿಟ್ಟು ಬಂದು, ಕಟ್ಟೆಯ ಮೇಲೆ ಕೂತು, ಗ್ಲೋರಿಯಾಳ ಮುಂದೆ ಕೈ ಚಾಚಿದಳು.

"ಎಲೆ ತೆಗಿ. ಮೊನ್ನೆ ಯಾರದ್ದೋ ಸುದ್ದಿಯನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ್ದಲ್ವಾ ನೀನು, ಮುಂದೆ ಎಂತ ಆಯಿತು ಹೇಳು."