ಅಂಟಿಸಿದ ಹೊಕ್ಕುಳು

ದೋಣಿಯ ಅಡಿಮರದ ನಟ್ಟನಡುವೆ ಯಾರೋ ಒಂದು ದುಂಡನೆಯ ಮರದ ಬಿಲ್ಲೆಯನ್ನು ಕೂರಿಸಿದ್ದರು. ಬಸ್ಸೆ ಬಗ್ಗಿ ಅದರ ಅಂಚನ್ನು ಉಗುರಿನಿಂದ ಕೆರೆದು ಮೂಸಿದಳು. ಅಂಟು ಇನ್ನೂ ಹಸಿಯಾಗಿತ್ತು. ನಿನ್ನೆ ಸಂಜೆ ಅವಳು ಹಿತ್ತಲಿಗೆ ಬೀಗ ಹಾಕಿಕೊಂಡು ಹೋದಾಗ ಇದು ಇರಲಿಲ್ಲ.

ಮಕಾಸ್ಸರದ ಕಡಲಂಚಿನಲ್ಲಿ ಹೊಸದಾಗಿ ಎದ್ದಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮರದ ವಸ್ತುಗಳನ್ನು ಕಾಪಾಡುವುದು ಬಸ್ಸೆಯ ಕೆಲಸ. ಸೀಮೆಯ ಚರಿತ್ರೆಯನ್ನೂ ಕಡಲಾಚೆಯವರೊಡನೆ ನಡೆದ ಕೊಡುಕೊಳ್ಳುವಿಕೆಯನ್ನೂ ತೋರಿಸಲೆಂದೇ ಅದನ್ನು ಕಟ್ಟಿದ್ದರು. ಹಿಂದೆ ಸಮುದ್ರಸೌತೆ ಎಂಬ ಕಡಲಜೀವಿಯನ್ನು ಹುಡುಕಿಕೊಂಡು, ತೆಂಕಣದಲ್ಲಿ ಮಾರೆಗೆ ಎಂದು ಕರೆಯುತ್ತಿದ್ದ ದೂರದ ತೀರದವರೆಗೆ ಹೋಗುತ್ತಿದ್ದಂಥ ಹಾಯಿದೋಣಿಯೊಂದು ದೊಡ್ಡ ಹಜಾರದ ಮುಖ್ಯ ಆಕರ್ಷಣೆಯಾಗಬೇಕಿತ್ತು. ಅದನ್ನು ಸಂಗ್ರಹಾಲಯದ ಹಿತ್ತಲ ಮರಳಿನ ಮೇಲೆ ಹೊಸದಾಗಿ ಕಟ್ಟಿದವನು ಅವಳ ಸೋದರಮಾವ ದಾಯೆಂಗ್ ತಾರಿಂಗ್. ಅವನ ಕೈ ಈಗ ನಡುಗುತ್ತಿತ್ತು. ಇದೇ ತನ್ನ ಕೊನೆಯ ದೋಣಿ ಎಂದು ಅವನು ಊರಿಗೆಲ್ಲ ಹೇಳಿಯಾಗಿತ್ತು.

ಹಲಗೆ ಕೂಡಿಸಿದ ಮಾತ್ರಕ್ಕೆ ಅವರ ಊರಿನಲ್ಲಿ ದೋಣಿ ಹುಟ್ಟುವುದಿಲ್ಲ. ಅಡಿಮರಕ್ಕೆ ಬೈರಿಗೆ ಇಟ್ಟು ಹೊಕ್ಕುಳು ಕೊರೆಯಬೇಕು. ದೋಣಿ ಯಾರದೋ ಅವರು ತಾಯಿಯಾಗಿ ಪಕ್ಕದಲ್ಲಿ ಕೂತು, ಉದುರಿದ ತುರಿಯನ್ನು ಸೆರಗಿಗೆ ಹಾಕಿಕೊಳ್ಳಬೇಕು. ಆಮೇಲೆ ಅದು ನೀರು ಮುಟ್ಟಬೇಕು. ಅಲ್ಲಿಯವರೆಗೆ ಅದು ಬಸಿರಿನಲ್ಲೇ ಉಳಿದ ಕೂಸು.

ಬೈರಿಗೆ ಮುಟ್ಟಿಸಲೂ ನೀರಿಗಿಳಿಸಲೂ ಸಂಗ್ರಹಾಲಯದ ನಿರ್ದೇಶಕ ವಿರ್ಯವಾನ್ ಒಪ್ಪಿರಲಿಲ್ಲ. ತೂತಿನಿಂದಲೇ ಬಿರುಕು ಶುರುವಾಗುತ್ತದೆ ಎಂಬುದು ಅವನ ವಾದ. ನೀರು ಕುಡಿಯದ ಹಲಗೆ ಕುಗ್ಗುತ್ತದೆ, ಸಂದಿಗೆ ತುಂಬಿದ ನಾರು ಸಡಿಲಾಗುತ್ತದೆ ಎಂದು ಬಸ್ಸೆ ತಾನು ಓದಿದ್ದನ್ನೆಲ್ಲ ಮುಂದಿಟ್ಟಿದ್ದಳು. ಹಜಾರದ ಗಾಳಿಯ ತೇವವನ್ನು ಯಂತ್ರ ನೋಡಿಕೊಳ್ಳುತ್ತದೆ ಎಂದು ಅವನು ನಕ್ಕಿದ್ದ. ಆ ಮಾತು ತಪ್ಪೂ ಆಗಿರಲಿಲ್ಲ.

"ಏನೇ ಅದು?" ಹಿಂದಿನಿಂದ ಮಾವನ ದನಿ ಬಂತು. ಹಗ್ಗ ಕಟ್ಟಿ ದೋಣಿಯನ್ನು ಹಜಾರದೊಳಕ್ಕೆ ಎಳೆಯಲು ಊರಿನಿಂದ ಬಂದ ಗಂಡಸರೂ ಹೆಂಗಸರೂ ಅವನ ಬೆನ್ನಿಗಿದ್ದರು.

"ಹೊಕ್ಕುಳು, ಮಾವ. ಅಂಟಿಸಿದ್ದಾರೆ."

ದಾಯೆಂಗ್ ತಾರಿಂಗ್ ದೋಣಿಯೊಳಗೆ ಹತ್ತಿ ಬಂದು ಬಿಲ್ಲೆಯನ್ನು ನೋಡಿದ. ಸಿಟ್ಟು ಮಾಡುತ್ತಾನೆ ಅಂದುಕೊಂಡರೆ ಅವನಿಗೆ ನಗು ಉಕ್ಕಿತು. "ಹುಟ್ಟದಿರೋ ಕೂಸಿಗೆ ಮೀಸೆ ಅಂಟಿಸಿದ್ದಾನಲ್ಲೇ ನಿಮ್ಮ ಸಾಹೇಬ!"

ಕೆಳಗಿದ್ದವರೂ ನಕ್ಕರು. ಆದರೆ ನಗು ನಿಂತ ಮೇಲೆ ಮುದುಕನ ಮುಖ ಬಾಡಿತು. "ಹಜಾರದ ಗೋಡೆ ಮೇಲೆ ನನ್ನ ಹೆಸರು ಬರೆಸಿದ್ದೀರಂತೆ. ಅಳಿಸಿಬಿಡು ಮಗಳೇ. ಸತ್ತು ಹುಟ್ಟಿದ ಕೂಸಿಗೆ ನಾನು ಅಪ್ಪ ಅನ್ನಿಸ್ಕೊಳ್ಳಲ್ಲ."

ಅಷ್ಟರಲ್ಲಿ ಇಸ್ತ್ರಿಯ ಬಾಟಿಕ್ ಅಂಗಿ ತೊಟ್ಟ ವಿರ್ಯವಾನ್ ಓಡೋಡಿ ಬಂದ. "ಬಸ್ಸೆಯವರೇ, ಇನ್ನೂ ಎಳೆಯೋಕೆ ಶುರು ಮಾಡಿಲ್ವಾ? ಉದ್ಘಾಟನೆಗೆ ಮಂತ್ರಿಗಳು ವಿಮಾನ ಇಳಿದಾಯ್ತು!"

"ಇವರು ಹಗ್ಗ ಮುಟ್ಟಲ್ಲ ಸರ್. ಹುಟ್ಟದ ದೋಣೀನ ಯಾರೂ ಎಳೆಯಲ್ಲ."

"ಹೊಕ್ಕುಳು ಇದೆಯಲ್ಲ! ನಾನೇ ನಿಂತು ಮಾಡಿಸಿದ್ದೀನಿ. ನೋಡೋರಿಗೆ ವ್ಯತ್ಯಾಸ ಗೊತ್ತಾಗುತ್ತಾ?"

ಅವನ ಮುಖದಲ್ಲಿ ಮೋಸವಿರಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಸಿಕ್ಕಿತೆಂದು ಅವನು ನಿಜವಾಗಿ ನಂಬಿದ್ದ. ಬಸ್ಸೆಗೆ ಅದೇ ಹೆಚ್ಚು ಉರಿಯಿತು.

"ಹಲಗೆ ಕುಗ್ಗುತ್ತೆ, ನಾರು ಸಡಿಲಾಗುತ್ತೆ ಅಂತ ಇಷ್ಟು ದಿನ ಹೇಳಿದೆ ಸರ್," ಎಂದಳು. "ಅದೆಲ್ಲ ನಿಜ. ಆದ್ರೆ ಕಾರಣ ಅದಲ್ಲ. ನಿಮಗೆ ಅರ್ಥ ಆಗೋ ಮಾತಲ್ಲಿ ಹೇಳೋಣ ಅಂತ ಅದರ ಹಿಂದೆ ಅಡಗಿಕೊಂಡಿದ್ದೆ. ಇನ್ನು ಅಡಗಲ್ಲ. ಇದು ಹುಟ್ಟಬೇಕು, ಅಷ್ಟೇ."

"ಇದು ಸರ್ಕಾರದ ದೋಣಿ!"

ಮರಳಿನ ಮೇಲಿದ್ದ ಮುದುಕಿಯೊಬ್ಬಳು ಎಲೆಯಡಿಕೆ ಉಗಿದು ಕೂಗಿದಳು: "ಹಾಗಾದ್ರೆ ಕರೆಸಪ್ಪಾ ಸರ್ಕಾರಾನ! ಬಂದು ತಾಯಿ ಥರ ಕೂತ್ಕೊಳ್ಳಲಿ, ಕೊರೀತಾರೆ!"

ಯಾರೋ ಸಿಳ್ಳೆ ಹಾಕಿದರು. ಬಸ್ಸೆ ಕೊರಳಿನ ಗುರುತುಪಟ್ಟಿಯನ್ನು ತೆಗೆದು ಹಲಗೆಯ ಮೇಲಿಟ್ಟಳು. ತಲೆವಸ್ತ್ರದ ಮೇಲೆ ಹೊದ್ದಿದ್ದ ಉದ್ದನೆಯ ಬಟ್ಟೆಯ ಸೆರಗನ್ನು ಮಡಿಲಿಗೆಳೆದುಕೊಂಡು ಅಡಿಮರದ ಪಕ್ಕ ಕಾಲು ಮಡಚಿ ಕೂತಳು.

"ನಾನು ತಾಯಿ. ಬೈರಿಗೆ ತಾ ಮಾವ."

"ನಿಮ್ಮ ಕೆಲಸ ಹೋಗುತ್ತೆ ಬಸ್ಸೆಯವರೇ," ವಿರ್ಯವಾನ್ ತಗ್ಗಿದ ದನಿಯಲ್ಲಿ ಹೇಳಿದ. ಬೆದರಿಕೆಗಿಂತ ಬೇಡಿಕೆಯೇ ಅದರಲ್ಲಿ ಹೆಚ್ಚಿತ್ತು.

"ಹೋಗ್ಲಿ ಸರ್."

ಹೆಂಗಸರು ಶಾಸ್ತ್ರಕ್ಕೆಂದು ಬಾಳೆಲೆಯಲ್ಲಿ ಕಪ್ಪು ಅಂಟಕ್ಕಿಯ ಅನ್ನವನ್ನೂ ತೆಂಗಿನೆಣ್ಣೆಯನ್ನೂ ತಂದಿಟ್ಟರು. ವಿರ್ಯವಾನ್ ಬೇಡ ಎಂದಿದ್ದರೂ ಅವರು ಅದನ್ನು ಊರಿಂದಲೇ ಕಟ್ಟಿಕೊಂಡು ಬಂದಿದ್ದರು. ದಾಯೆಂಗ್ ತಾರಿಂಗ್ ಉಳಿಯಿಂದ ಬಿಲ್ಲೆಯನ್ನು ಎಬ್ಬಿಸಿ ನಿರ್ದೇಶಕನ ಅಂಗೈಗೆ ಹಾಕಿದ. "ಇಟ್ಕೊಳ್ಳಪ್ಪ, ಅಂಗಿಗೆ ಗುಂಡಿ ಆಗುತ್ತೆ."

ಆಮೇಲೆ ಮುದುಕ ತುಟಿಯೊಳಗೇ ಪ್ರಾರ್ಥನೆ ಹೇಳಿಕೊಂಡ. ಬೈರಿಗೆ ಮರವನ್ನು ಕಚ್ಚಿದಾಗ ಅವನ ಕೈಯ ನಡುಕ ಹಿಡಿಗೂ ಇಳಿಯಿತು. ಬಸ್ಸೆ ಅದರ ಮೇಲೆ ತನ್ನ ಕೈಯಿಟ್ಟಳು. ಬೆಚ್ಚಗಿನ ತುರಿ ಸುರುಳಿಸುರುಳಿಯಾಗಿ ಮಡಿಲಿಗೆ ಬಿತ್ತು. ಬೈರಿಗೆ ಪಾರಾದಾಗ ಕೆಳಗಿನಿಂದ ಬೆಳಕಿನ ಒಂದು ಚೂರು ಮೇಲೆ ಬಂತು. ಮುದುಕ ಅದನ್ನೇ ಸ್ವಲ್ಪ ಹೊತ್ತು ನೋಡಿ, ಕೆನ್ನೆ ಒರೆಸಿಕೊಂಡು, ತೂತಿಗೆ ಬೆಣೆ ಬಡಿದ.

ಜನ ಎದ್ದರು. ಹಜಾರದ ಕಡೆಗೆ ಹಾಸಿದ್ದ ಹಗ್ಗವನ್ನು ಬಿಚ್ಚಿ ಕಡಲ ಕಡೆಗೆ ಕಟ್ಟಿದರು.

"ಆ ಕಡೆ ಅಲ್ಲ, ಈ ಕಡೆ!" ವಿರ್ಯವಾನ್ ಬಾಗಿಲಲ್ಲಿ ನಿಂತು ಕೈ ಬೀಸಿದ. ಎಳೆಯುವವರ ಹಾಡಿನಲ್ಲಿ ಅವನ ದನಿ ಮುಳುಗಿತು. ದೋಣಿ ಒಮ್ಮೆ ನರಳಿ, ಅಲುಗಿ, ದಿಮ್ಮಿಗಳ ಮೇಲೆ ಉರುಳಿಕೊಂಡು ಹೋಯಿತು. ಬಸ್ಸೆಯೂ ಹಗ್ಗಕ್ಕೆ ಹೆಗಲು ಕೊಟ್ಟಿದ್ದಳು. ನೀರು ಸೊಂಟಕ್ಕೆ ಬಂದಾಗ ಹಗ್ಗ ತಟ್ಟನೆ ಸಡಿಲಾಯಿತು. ದೋಣಿ ತೇಲುತ್ತಿತ್ತು.

ಅವಳು ತುರಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂಬಾಗಿಲ ಕಡೆಯಿಂದ ಮಂತ್ರಿಗಳ ಕಾರುಗಳ ಸೈರನ್ ಕೇಳಿಸಿತು. ವಿರ್ಯವಾನ್ ಬೂಟಿನಲ್ಲೇ ಅಲೆಗಳವರೆಗೆ ಬಂದು ನಿಂತಿದ್ದ. ಬಿಲ್ಲೆ ಇನ್ನೂ ಅವನ ಕೈಯಲ್ಲೇ ಇತ್ತು.

"ಹಜಾರ ಖಾಲಿ ಇದೆ! ಅವರಿಗೆ ಏನಂತ ಹೇಳ್ಲಿ ನಾನು?"

"ಕೂಸು ಹುಟ್ಟಿದೆ ಅಂತ ಹೇಳಿ ಸರ್," ಬಸ್ಸೆ ನೀರಿನಿಂದಲೇ ಕೂಗಿದಳು. "ನೋಡಬೇಕಂದ್ರೆ ಇಲ್ಲಿಗೇ ಇಳಿದು ಬರ್ಲಿ."